ಜಾನ್ ಬಾರ್ಡೀನ್: ಎರಡು ನೊಬೆಲ್‌ಗಳ ವಿಜ್ಞಾನಿ

ಮೊಬೈಲ್‌ನೊಳಗಿನ ಟ್ರಾನ್ಸಿಸ್ಟರ್, ಆಸ್ಪತ್ರೆಯ ಎಂಆರ್‌ಐ ಯಂತ್ರದ ಅಯಸ್ಕಾಂತ ಇವೆರಡರ ಹಿಂದಿರುವುದು ಕ್ವಾಂಟಂ ಭೌತವಿಜ್ಞಾನ. ಎರಡರ ಕಥೆಯಲ್ಲೂ ಬರುವ ಹೆಸರು ಜಾನ್ ಬಾರ್ಡೀನ್.

ಅಮೆರಿಕದ ಮ್ಯಾಡಿಸನ್‌ನಲ್ಲಿ 1908ರ ಮೇ 23ರಂದು ಜನಿಸಿದ ಬಾರ್ಡೀನ್ ಮೊದಲು ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಬಳಿಕ ಪ್ರಿನ್ಸ್‌ಟನ್‌ನಲ್ಲಿ ಯೂಜೀನ್ ವಿಗ್ನರ್ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು.

1945ರಲ್ಲಿ ಬೆಲ್ ಪ್ರಯೋಗಾಲಯ ಸೇರಿದಾಗ, ತಂಡದ ಮುಖ್ಯಸ್ಥ ವಿಲಿಯಂ ಶಾಕ್ಲಿ ರೂಪಿಸಿದ್ದ ಅರೆವಾಹಕ ಸಾಧನ ವಿಫಲವಾಗಿತ್ತು. ಮೇಲ್ಮೈಯಲ್ಲಿ ಸಿಲುಕಿದ ಎಲೆಕ್ಟ್ರಾನ್‌ಗಳೇ ಅಡ್ಡಿ ಎಂಬುದನ್ನು ಬಾರ್ಡೀನ್ ವಿವರಿಸಿದರು. 1947ರ ಡಿಸೆಂಬರ್‌ನಲ್ಲಿ ಅವರೂ ವಾಲ್ಟರ್ ಬ್ರಾಟನ್ ಅವರೂ ಜರ್ಮೇನಿಯಂ ತುಣುಕಿನಿಂದ ಮೊದಲ ಟ್ರಾನ್ಸಿಸ್ಟರ್ ಸಿದ್ಧಪಡಿಸಿದರು. ಆದರೆ ಮುಂದಿನ ಸಂಶೋಧನೆಯಿಂದ ಶಾಕ್ಲಿ ಇಬ್ಬರನ್ನೂ ದೂರವಿಟ್ಟರು. ಬೇಸತ್ತ ಬಾರ್ಡೀನ್ 1951ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ತೆರಳಿದರು.

ಆ ನಿರ್ಗಮನವೇ ಎರಡನೇ ಸಾಧನೆಗೆ ದಾರಿಯಾಯಿತು. ತೀವ್ರ ಶೈತ್ಯದಲ್ಲಿ ಕೆಲವು ಲೋಹಗಳಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿಯುವ ಅತಿವಾಹಕತೆ 1911ರಲ್ಲೇ ಪತ್ತೆಯಾಗಿದ್ದರೂ ಒಗಟಾಗಿ ಉಳಿದಿತ್ತು. ಎಲೆಕ್ಟ್ರಾನ್‌ಗಳು ಜೋಡಿಗೂಡುವುದೇ ಅದಕ್ಕೆ ಕಾರಣವೆಂದು 1957ರಲ್ಲಿ ಬಾರ್ಡೀನ್, ಲಿಯಾನ್ ಕೂಪರ್ ಮತ್ತು ರಾಬರ್ಟ್ ಶ್ರೀಫರ್ ತೋರಿಸಿಕೊಟ್ಟರು. ಎಂಆರ್‌ಐ ಯಂತ್ರದ ಪ್ರಬಲ ಅಯಸ್ಕಾಂತಗಳು ದುಡಿಯುವುದು ಇದೇ ಗುಣದಿಂದ.

1956ರಲ್ಲಿ ಶಾಕ್ಲಿ ಹಾಗೂ ಬ್ರಾಟನ್ ಜತೆ, 1972ರಲ್ಲಿ ಕೂಪರ್ ಹಾಗೂ ಶ್ರೀಫರ್ ಜತೆ ನೊಬೆಲ್ ಹಂಚಿಕೊಂಡ ಬಾರ್ಡೀನ್, 1991ರ ಜನವರಿ 30ರಂದು ಬಾಸ್ಟನ್‌ನಲ್ಲಿ ನಿಧನರಾದರು. ಭೌತವಿಜ್ಞಾನದ ನೊಬೆಲ್ ಎರಡು ಬಾರಿ ಪಡೆದವರು ಇಂದಿಗೂ ಅವರೊಬ್ಬರೇ.