ಜೇನುಗೂಡಿನ ರೇಡಿಯೇಟರ್ ರೂಪಿಸಿದ ವಿಲ್ಹೆಲ್ಮ್ ಮೇಬ್ಯಾಕ್

ಬೇಸಿಗೆಯ ಮಧ್ಯಾಹ್ನ ತುಮಕೂರು ರಸ್ತೆಯ ದಟ್ಟಣೆಯಲ್ಲಿ ಹಳೆಯ ಪದ್ಮಿನಿಯೋ ಅಂಬಾಸಿಡರೋ ಬಾನೆಟ್ ತೆರೆದು ಆವಿ ಉಗುಳುತ್ತ ನಿಂತರೆ, ಪೀಣ್ಯದ ಮೆಕ್ಯಾನಿಕ್ಕಿನ ಕಣ್ಣು ಮೊದಲು ಹೋಗುವುದು ರೇಡಿಯೇಟರಿನ ಕಡೆಗೆ. ಕಾರಿನ ಮುಂಭಾಗದ ಈ ಪೆಟ್ಟಿಗೆಯ ಮೂಲಕಲ್ಪನೆಗೆ ಒಂದೇಕಾಲು ಶತಮಾನ ತುಂಬಿದೆ. ಅದನ್ನು ನೀಡಿದವರು ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್. ಇಂದು ಆ ಹೆಸರು ಕೇಳಿದೊಡನೆ ಕೋಟಿಗಟ್ಟಲೆ ಬೆಲೆಯ ಐಷಾರಾಮಿ ಕಾರು ನೆನಪಾಗುತ್ತದೆ. ಆ ಹೆಸರಿನ ಮನುಷ್ಯ ಬೆಳೆದದ್ದು ಮಾತ್ರ ಅನಾಥಾಶ್ರಮದಲ್ಲಿ.

1846ರ ಫೆಬ್ರುವರಿ 9ರಂದು ಹೈಲ್‌ಬ್ರಾನ್ ಪಟ್ಟಣದ ಬಡಗಿಯೊಬ್ಬನ ಮನೆಯಲ್ಲಿ ಜನಿಸಿದ ವಿಲ್ಹೆಲ್ಮ್ ಹತ್ತನೆಯ ವಯಸ್ಸಿಗೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ. ರಾಯ್ಟ್‌ಲಿಂಗನ್‌ನಲ್ಲಿ ಗುಸ್ತಾವ್ ವೆರ್ನರ್ ಎಂಬ ಧರ್ಮಬೋಧಕರು ನಡೆಸುತ್ತಿದ್ದ ಆಶ್ರಮ ಆಸರೆಯಾಯಿತು. ಆಶ್ರಮಕ್ಕೆ ಸೇರಿದ ಯಂತ್ರಶಾಲೆಯಲ್ಲಿ ನಕ್ಷೆ ಬರೆಯುವುದನ್ನು ಕಲಿತ ಹುಡುಗನ ಕೈಚಳಕವನ್ನು 1865ರ ಸುಮಾರಿಗೆ ಗುರುತಿಸಿದವರು ಅಲ್ಲಿನ ಮುಖ್ಯಸ್ಥರಾಗಿದ್ದ ಗಾಟ್ಲೀಬ್ ಡೈಮ್ಲರ್. ವಯಸ್ಸಿನಲ್ಲಿ ಹನ್ನೆರಡು ವರ್ಷ ಹಿರಿಯರಾದ ಡೈಮ್ಲರ್ ಮುಂದೆ ಹೋದಲ್ಲೆಲ್ಲ ಮೇಬ್ಯಾಕ್ ಅವರನ್ನು ಕರೆದೊಯ್ದರು. ಡಾಯ್ಟ್ಸ್ ಕಾರ್ಖಾನೆಯ ದುಡಿಮೆ ಮುಗಿಸಿ 1882ರಲ್ಲಿ ಇಬ್ಬರೂ ಕಾನ್‌ಸ್ಟಾಟ್‌ನ ತೋಟದ ಮನೆಯೊಂದರಲ್ಲಿ ಸ್ವಂತ ಪ್ರಯೋಗಗಳಿಗೆ ತೊಡಗಿದರು. 1885ರಲ್ಲಿ ಹಗುರವಾದ ಎಂಜಿನ್ ಸಿದ್ಧವಾಯಿತು. ಅದೇ ವರ್ಷ ಅದನ್ನು ಮರದ ಚೌಕಟ್ಟಿನ ದ್ವಿಚಕ್ರ ವಾಹನಕ್ಕೆ ಜೋಡಿಸಿ ಓಡಿಸಿದ್ದೂ ಆಯಿತು.

ಎಂಜಿನ್ ವೇಗವಾಗಿ ತಿರುಗಿದಂತೆಲ್ಲ ಶಾಖವೂ ಏರುತ್ತಿತ್ತು. ಉರಿದ ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಹೊರಗೆ ಸಾಗಿಸದಿದ್ದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಕಾರ್ಲ್ ಬೆಂಜ್ ಅವರ 1886ರ ವಾಹನದಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ದಾರಿಯುದ್ದಕ್ಕೂ ನೀರು ತುಂಬಿಸುತ್ತಲೇ ಇರಬೇಕಿತ್ತು. 1889ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಒಯ್ದ ತಮ್ಮ ವಾಹನದಲ್ಲಿ ಮೇಬ್ಯಾಕ್ ಉಕ್ಕಿನ ಕೊಳವೆಗಳ ಚೌಕಟ್ಟಿನೊಳಗೇ ನೀರನ್ನು ಹರಿಸಿದರು. ಚಿಕ್ಕ ಎಂಜಿನ್ನಿಗೆ ಅಷ್ಟು ಸಾಕಾಯಿತು, ದೊಡ್ಡದಕ್ಕೆ ಸಾಲದಾಯಿತು.

1900ರ ಮಾರ್ಚ್ ತಿಂಗಳು ಡೈಮ್ಲರ್ ಕಂಪನಿಯ ಪಾಲಿಗೆ ಕರಾಳವಾಗಿತ್ತು. ಆ ತಿಂಗಳ 6ರಂದು ಡೈಮ್ಲರ್ ನಿಧನರಾದರು. ತಿಂಗಳ ಕೊನೆಯಲ್ಲಿ ಫ್ರಾನ್ಸಿನ ನೀಸ್ ಬಳಿಯ ಬೆಟ್ಟದ ಸ್ಪರ್ಧೆಯಲ್ಲಿ ಕಂಪನಿಯ ಎತ್ತರದ, ಭಾರದ ಕಾರು ಅಪಘಾತಕ್ಕೀಡಾಗಿ ಚಾಲಕ ವಿಲ್ಹೆಲ್ಮ್ ಬೌವರ್ ಸಾವಿಗೀಡಾದರು. ಕಂಪನಿಯ ದೊಡ್ಡ ಗಿರಾಕಿಯಾಗಿದ್ದ ಎಮಿಲ್ ಯೆಲಿನೆಕ್ ತಗ್ಗಾದ, ಹಗುರವಾದ, ಆದರೆ ಮತ್ತಷ್ಟು ಶಕ್ತಿಯುತವಾದ ಕಾರು ಬೇಕೆಂದು ಪಟ್ಟುಹಿಡಿದರು. 35 ಅಶ್ವಶಕ್ತಿಯ ಎಂಜಿನ್ನನ್ನು ತಣ್ಣಗಿಡಲು ಭಾರಿ ನೀರಿನ ತೊಟ್ಟಿ ಹೊತ್ತರೆ ಕಾರು ಹಗುರವಾಗುವುದಾದರೂ ಹೇಗೆ?

ಮೇಬ್ಯಾಕ್ ಕಂಡುಕೊಂಡ ಉತ್ತರ ಇಂದಿಗೂ ಬೆರಗು ಹುಟ್ಟಿಸುವಂಥದ್ದು. ತಲಾ 6 ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಒತ್ತೊತ್ತಾಗಿ ಬೆಸುಗೆ ಹಾಕಿ ಜೇನುಹುಟ್ಟಿನಂತೆ ಜೋಡಿಸಿದರು. ಕೊಳವೆಗಳೊಳಗೆ ಗಾಳಿ, ಅವುಗಳ ನಡುವಿನ ಕಿರಿದಾದ ಸಂದುಗಳಲ್ಲಿ ನೀರು. ಹಿಂದೆ ಗಾಳಿ ಎಳೆಯುವ ಫ್ಯಾನು. ಬೇಕಾಗುವ ನೀರಿನ ಪ್ರಮಾಣ ಅರ್ಧಕ್ಕೆ, ಅಂದರೆ ಸುಮಾರು 9 ಲೀಟರಿಗೆ ಇಳಿಯಿತು. ಯೆಲಿನೆಕ್ ಅವರ ಮಗಳ ಹೆಸರಿನಲ್ಲಿ ಮರ್ಸಿಡಿಸ್ ಎಂದು ಕರೆಸಿಕೊಂಡ ಆ ಕಾರು 1901ರ ಮಾರ್ಚಿನಲ್ಲಿ ನೀಸ್ ಸ್ಪರ್ಧೆಗಳಲ್ಲಿ ಮೇಲುಗೈ ಸಾಧಿಸಿತು.

ನಂತರದ ರೇಡಿಯೇಟರುಗಳಲ್ಲಿ ನೀರು ಕೊಳವೆಯೊಳಗೆ ಸೇರಿತು, ಗಾಳಿ ಹೊರಗೆ ಬಂತು. ತತ್ತ್ವ ಬದಲಾಗಲಿಲ್ಲ. ಆದುದರಿಂದಲೇ ಹಳೆಯ ಕಾರಿನ ರೋಗಪರೀಕ್ಷೆಯೂ ಗಾಳಿ ಮತ್ತು ನೀರು ಎಂಬ ಎರಡು ದಾರಿಗಳಲ್ಲೇ ನಡೆಯುತ್ತದೆ. ಸಿಗ್ನಲ್‌ನಲ್ಲಿ ಬಿಸಿಯಾಗಿ, ಓಡುವಾಗ ತಣ್ಣಗಾದರೆ ತಪ್ಪು ಬಹುತೇಕ ಫ್ಯಾನಿನದು ಅಥವಾ ಸಡಿಲವಾದ ಬೆಲ್ಟಿನದು. ವೇಗ ಹೆಚ್ಚಿದಾಗ ಬಿಸಿಯಾದರೆ ಕಟ್ಟಿಕೊಂಡ ರೇಡಿಯೇಟರನ್ನೋ ದಣಿದ ವಾಟರ್ ಪಂಪನ್ನೋ ಶಂಕಿಸಬೇಕು. ಬೋರ್‌ವೆಲ್ಲಿನ ಗಡಸು ನೀರನ್ನು ವರ್ಷಗಟ್ಟಲೆ ಸುರಿದರೆ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುವುದು ಸಹಜ. ಹೊರಗೆ ಸೋರಿಕೆಯಿಲ್ಲದೆ ನೀರು ಕಡಿಮೆಯಾಗಿ, ಹೊಗೆ ಬೆಳ್ಳಗಾದರೆ ಹೆಡ್ ಗ್ಯಾಸ್ಕೆಟ್ ನೋಡಿಸುವುದು ಲೇಸು. ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಒತ್ತಡ ಹಿಡಿದಿಡುವ ಮುಚ್ಚಳ ಸವೆದಿದ್ದರೆ ಉಳಿದೆಲ್ಲ ಸರಿಯಿದ್ದೂ ನೀರು ಉಕ್ಕೀತು. ಎಂಜಿನ್ ಬಿಸಿಯಿರುವಾಗ ಆ ಮುಚ್ಚಳ ತೆರೆಯುವುದು ಮಾತ್ರ ಅಪಾಯಕಾರಿ. ಥರ್ಮೋಸ್ಟಾಟ್ ಕಿತ್ತೆಸೆದು ಕಾರನ್ನು ಹಿಂದಿರುಗಿಸುವ ಗ್ಯಾರೇಜುಗಳ ರೂಢಿಯನ್ನು ದುರಸ್ತಿ ಎನ್ನಲಾಗದು.

ಫ್ರೆಂಚರು ವಿನ್ಯಾಸಕಾರರ ದೊರೆ ಎಂದು ಕೊಂಡಾಡಿದ ಮೇಬ್ಯಾಕ್ ಅವರನ್ನು ಸ್ವಂತ ಕಂಪನಿ ನಡೆಸಿಕೊಂಡ ರೀತಿ ಹೆಮ್ಮೆಪಡುವಂಥದ್ದಲ್ಲ. ಡೈಮ್ಲರ್ ಇಲ್ಲವಾದ ಮೇಲೆ ಆಡಳಿತ ಮಂಡಳಿ ಅವರನ್ನು ಪಕ್ಕಕ್ಕೆ ಸರಿಸುತ್ತ ಬಂತು. ಕಾರಿಗೆ ಗಿರಾಕಿಯ ಮಗಳ ಹೆಸರು, ಕಂಪನಿಗೆ ಗೆಳೆಯನ ಹೆಸರು; ಅವರ ಹೆಸರು ಎಲ್ಲಿಯೂ ಇರಲಿಲ್ಲ. 1907ರಲ್ಲಿ ರಾಜೀನಾಮೆ ನೀಡಿ ಹೊರನಡೆದಾಗ ಅವರ ವಯಸ್ಸು ಅರವತ್ತು ದಾಟಿತ್ತು. ಅಲ್ಲಿಗೂ ಸುಮ್ಮನಾಗದೆ 1909ರಲ್ಲಿ ಮಗ ಕಾರ್ಲ್ ಜೊತೆಗೂಡಿ ಜೆಪ್ಪೆಲಿನ್ ವಾಯುನೌಕೆಗಳಿಗೆ ಎಂಜಿನ್ ತಯಾರಿಸುವ ಸಂಸ್ಥೆ ಕಟ್ಟಿದರು. ಮೇಬ್ಯಾಕ್ ಹೆಸರಿನ ಕಾರು ಜನರೆದುರು ಬಂದದ್ದು 1921ರಲ್ಲಿ, ಮಗನ ಕೈಯಿಂದ. ಈಗ ಆ ಹೆಸರು ಮರ್ಸಿಡಿಸ್ ಬಳಗಕ್ಕೇ ಸೇರಿದೆ. ಅದೇ ಬಳಗ 1996ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂಶೋಧನಾ ಕೇಂದ್ರದ ಎಂಜಿನಿಯರುಗಳು ವೈಟ್‌ಫೀಲ್ಡ್‌ನಲ್ಲಿ ಕುಳಿತು ಕೆಲಸ ಮಾಡುತ್ತಿದ್ದಾರೆ.

1929ರ ಡಿಸೆಂಬರ್ 29ರಂದು ಸ್ಟುಟ್‌ಗಾರ್ಟಿನಲ್ಲಿ ಮೇಬ್ಯಾಕ್ ಕೊನೆಯುಸಿರೆಳೆದರು. ಡೈಮ್ಲರ್ ಸಮಾಧಿಯಿರುವ ಕಾನ್‌ಸ್ಟಾಟ್‌ನ ರುದ್ರಭೂಮಿಯಲ್ಲಿಯೇ ಅವರನ್ನೂ ಮಣ್ಣು ಮಾಡಲಾಯಿತು.