ಕೂಸ್ತೊ ದಂಪತಿಯ ಕಡಲು

ಮದುವೆಯ ವಾರ್ಷಿಕೋತ್ಸವಕ್ಕೆಂದು ಮಾಲ್ಡೀವ್ಸ್‌ಗೋ ಅಂಡಮಾನಿಗೋ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಹವಳದ ದಿಬ್ಬಗಳ ನಡುವೆ ಷಾರ್ಕ್‌ಗಳನ್ನು ಕಂಡು ಬರುವುದು ಈಗ ನಮ್ಮ ಮಧ್ಯಮ ವರ್ಗಕ್ಕೂ ಅಪರೂಪದ ಸಂಗತಿಯಲ್ಲ. ನಮ್ಮದೇ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಕಡಲಿಗಿಳಿಯುವ ಬೆಂಗಳೂರಿನ ಯುವ ಜೋಡಿಗಳೂ ಸಾಕಷ್ಟಿವೆ. ಈ ವಿಹಾರಕ್ಕೊಂದು ಪೂರ್ವಚರಿತ್ರೆಯಿದೆ. ಅದೂ ಗಂಡ ಹೆಂಡಿರಿಬ್ಬರ ಚರಿತ್ರೆಯೇ. ಗಂಡ ಜಾಕ್ ಈವ್ ಕೂಸ್ತೊನ ಹೆಸರು, ಕೆಂಪು ಟೊಪ್ಪಿಗೆಯ ಆ ಮುಖ, ದೂರದರ್ಶನದ ಮೂಲಕ ಜಗತ್ತಿಗೆಲ್ಲ ಪರಿಚಿತವಾಯಿತು. ಹೆಂಡತಿ ಸಿಮೋನಳ ಹೆಸರನ್ನು ಬಲ್ಲವರು ಕಡಿಮೆ. ಅರ್ಥಶಾಸ್ತ್ರ ಓದಿ, ಸರ್ಕಾರದ ಆಯವ್ಯಯದ ಕಡತಗಳ ನಡುವೆ ಬದುಕು ಕಳೆದ ನನಗೆ ಇವರಿಬ್ಬರ ಜೀವನದಲ್ಲಿ ಕುತೂಹಲ ಹುಟ್ಟಿಸಿದ್ದು ಕಡಲಿಗಿಂತ ಹೆಚ್ಚಾಗಿ ಅದರ ಲೆಕ್ಕ.

ಕೂಸ್ತೊ ಜನಿಸಿದ್ದು 1910ರ ಜೂನ್ 11ರಂದು, ಫ್ರಾನ್ಸಿನ ಬೋರ್ಡೊ ನಗರಕ್ಕೆ ಸಮೀಪದ ಒಂದು ಸಣ್ಣ ಊರಿನಲ್ಲಿ. 1930ರಲ್ಲಿ ನೌಕಾಪಡೆಯ ಅಕಾಡೆಮಿ ಸೇರಿದ ಆತನಿಗೆ ವಿಮಾನ ಚಾಲಕನಾಗುವ ಹಂಬಲವಿತ್ತು. 1936ರ ಕಾರು ಅಪಘಾತದಲ್ಲಿ ತೋಳುಗಳು ಜಖಂಗೊಂಡು ಆ ದಾರಿ ಮುಚ್ಚಿತು. ತೋಳಿಗೆ ಬಲ ಬರಲೆಂದು ತೂಲೊನ್ ಬಂದರಿನ ಬಳಿ ಈಜುತ್ತಿದ್ದಾಗ ನೌಕಾಪಡೆಯ ಗೆಳೆಯ ಫಿಲಿಪ್ ತಯ್ಯೆ ಒಂದು ಜೊತೆ ಈಜುಗನ್ನಡಕ ಕೊಟ್ಟ. ನೀರೊಳಗೆ ಮುಖವಿಟ್ಟು ನೋಡಿದ ಕೂಸ್ತೊ ಮತ್ತೆ ಆಕಾಶದ ಕಡೆಗೆ ತಿರುಗಲಿಲ್ಲ.

ಮರುವರ್ಷ, 1937ರ ಜುಲೈ 12ರಂದು, ಆತ ಸಿಮೋನ್ ಮೆಲ್ಕಿಯೊರ್‌ಳನ್ನು ವರಿಸಿದ. ಆಕೆಗೆ ಆಗ ಹದಿನೆಂಟು. ನೌಕಾಧಿಕಾರಿಗಳ ಮನೆತನದ ಹುಡುಗಿ. ತಂದೆ ನೌಕಾಪಡೆ ಬಿಟ್ಟು ಅನಿಲ ತಯಾರಿಸುವ ಏರ್ ಲಿಕಿಡ್ ಕಂಪನಿಯ ನಿರ್ದೇಶಕರಲ್ಲೊಬ್ಬರಾಗಿದ್ದರು. ಈ ಸಂಬಂಧ ಎಷ್ಟು ಫಲಪ್ರದವಾಯಿತೆಂಬುದು ಐದು ವರ್ಷಗಳ ಬಳಿಕ ತಿಳಿಯಿತು. 1942ರ ಹೊತ್ತಿಗೆ ಜರ್ಮನ್ ಆಕ್ರಮಣದಲ್ಲಿದ್ದ ಫ್ರಾನ್ಸಿನಲ್ಲಿ ಪೆಟ್ರೋಲಿಗೆ ತೀವ್ರ ಅಭಾವ. ಕಾರುಗಳನ್ನು ಅನಿಲದಿಂದ ಓಡಿಸುವುದಕ್ಕಾಗಿ ಆ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾ ಒಂದು ಪುಟ್ಟ ಕವಾಟವನ್ನು ಸಿದ್ಧಪಡಿಸಿದ್ದ. ಮಾವನ ಮೂಲಕ ಕೂಸ್ತೊ ಅವನನ್ನು ಭೇಟಿಯಾದ. ಕೊರತೆ ಆವಿಷ್ಕಾರಕ್ಕೆ ದಾರಿಮಾಡುತ್ತದೆಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಇಲ್ಲಿ ಕೊರತೆಯ ಜೊತೆಗೆ ಹೆಂಡತಿಯ ತವರುಮನೆಯೂ ಸೇರಿತು.

ಆ ಕವಾಟದ ಕೆಲಸ ಸರಳ, ಆದರೆ ಅದ್ಭುತ. ಹತ್ತು ಮೀಟರ್ ಆಳಕ್ಕಿಳಿದರೆ ದೇಹದ ಮೇಲಿನ ಒತ್ತಡ ಮೇಲ್ಮೈಯಲ್ಲಿರುವುದರ ಎರಡು ಪಟ್ಟಾಗುತ್ತದೆ. ಅಲ್ಲಿಗೆ ಮೇಲಿನಿಂದ ಬರಿಯ ಕೊಳವೆ ಇಳಿಬಿಟ್ಟರೆ ಎದೆ ಹಿಗ್ಗುವುದೇ ಇಲ್ಲ. ಗಾನ್ಯಾ ಮತ್ತು ಕೂಸ್ತೊ ರೂಪಿಸಿದ ಸಾಧನ ಸುತ್ತಲ ನೀರಿನ ಒತ್ತಡಕ್ಕೆ ಸರಿಸಮನಾದ ಒತ್ತಡದಲ್ಲಿ, ಉಸಿರೆಳೆದಾಗ ಮಾತ್ರ, ಗಾಳಿ ಕೊಡುತ್ತಿತ್ತು. ಹೀಗೆ ಹುಟ್ಟಿತು ಅಕ್ವಾಲಂಗ್. 1943ರ ಜೂನ್‌ನಲ್ಲಿ ಮೆಡಿಟರೇನಿಯನ್ ಕರಾವಳಿಯಲ್ಲಿ ಕೂಸ್ತೊ ಅದನ್ನು ಧರಿಸಿ ಕಡಲಿಗಿಳಿದಾಗ, ಮೇಲ್ಮೈಯಲ್ಲಿ ತೇಲುತ್ತ ಮುಖವನ್ನು ನೀರೊಳಗಿಟ್ಟು ಆತನನ್ನೇ ಗಮನಿಸುತ್ತಿದ್ದವಳು ಸಿಮೋನ್. ಬೇಗನೆ ಆಕೆಯೂ ಅದನ್ನು ಧರಿಸಿ ಮುಳುಗಿದಳು. ಸ್ಕೂಬಾ ಬಳಸಿದ ಮೊದಲ ಮಹಿಳೆಯೆಂದು ಆಕೆಯನ್ನೇ ಹೆಸರಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಅಂಡಮಾನಿನಲ್ಲಿ ನನ್ನ ಪತ್ನಿ ಮಾರ್ಗದರ್ಶಕನ ಕೈಹಿಡಿದು ನೀರಿಗಿಳಿದಾಗ, ರಕ್ತದೊತ್ತಡದ ನೆಪ ಹೇಳಿ ದೋಣಿಯಲ್ಲೇ ಕುಳಿತ ನಾನು ಮೇಲೇಳುವ ಗುಳ್ಳೆಗಳನ್ನು ಎಣಿಸುತ್ತಿದ್ದೆ. ಮೇಲೆ ಕಾಯುವವರ ಪಾಡು ಏನೆಂದು ಆ ಅರ್ಧ ಗಂಟೆಯಲ್ಲಿ ಸ್ವಲ್ಪ ತಿಳಿಯಿತು. ಸಿಮೋನ್ ಆ ಪಾಡನ್ನು ದಶಕಗಳ ಕಾಲ ಪಟ್ಟವಳು. ಅಪಾಯ ಕಲ್ಪಿತವೂ ಆಗಿರಲಿಲ್ಲ. 1947ರಲ್ಲಿ ಅವರ ತಂಡದ ಮೋರಿಸ್ ಫಾರ್ಗ್ ನೂರು ಮೀಟರಿಗೂ ಮಿಕ್ಕಿದ ಆಳಕ್ಕಿಳಿದು ಪ್ರಾಣ ಕಳೆದುಕೊಂಡ. ಮರುವರ್ಷ ಅಟ್ಲಾಂಟಿಕ್‌ನ ಕೇಪ್ ವರ್ಡ್ ದ್ವೀಪಗಳ ಕಡೆ ಕೂಸ್ತೊ ಹಾಗೂ ಗೆಳೆಯ ಫ್ರೆಡರಿಕ್ ದುಮಾ ಷಾರ್ಕ್‌ಗಳ ನಡುವೆ ಸಿಕ್ಕಿಕೊಂಡರು. ಅರಚಿದರೂ ಗುಳ್ಳೆ ಬಿಟ್ಟರೂ ಅವು ಹೆದರಲಿಲ್ಲ. ಕೊನೆಗೆ ಮೈಮೇಲೆ ಬಂದ ಷಾರ್ಕ್‌ನ ಮೂತಿಗೆ ಕೂಸ್ತೊ ಕೈಯಲ್ಲಿದ್ದ ಕ್ಯಾಮೆರಾದಿಂದಲೇ ಗುದ್ದಬೇಕಾಯಿತು. ಷಾರ್ಕ್ ಎಂದರೆ ಶತ್ರು ಎಂಬ ಭಾವನೆ ಅಂದು ನಾವಿಕರೆಲ್ಲರಲ್ಲಿ ಇದ್ದದ್ದೇ; ಆತ ಅದಕ್ಕೆ ಹೊರತಾಗಿರಲಿಲ್ಲ.

1950ರಲ್ಲಿ ಬ್ರಿಟಿಷ್ ಶ್ರೀಮಂತ ಲೋಯೆಲ್ ಗಿನ್ನೆಸ್ ಹಳೆಯ ಮೈನ್‌ಶೋಧಕ ಹಡಗೊಂದನ್ನು ಕೊಂಡು, ವರ್ಷಕ್ಕೆ ಒಂದು ಫ್ರಾಂಕ್ ಎಂಬ ನಾಮಮಾತ್ರ ಬಾಡಿಗೆಗೆ ಕೂಸ್ತೊನಿಗೆ ಕೊಟ್ಟ. ಅದೇ ಕ್ಯಾಲಿಪ್ಸೊ. ಹಡಗು ಬಂದದ್ದೇನೋ ಸರಿ, ಅದನ್ನು ಸಜ್ಜುಗೊಳಿಸಲು ಹಣವೆಲ್ಲಿ? ಸಿಮೋನ್ ತನ್ನ ಆಭರಣಗಳನ್ನು ಮಾರಿದಳು, ಇಂಧನಕ್ಕೆ. ತುಪ್ಪುಳಿನ ಕೋಟು ಮಾರಿದಳು, ದಿಕ್ಸೂಚಿ ಉಪಕರಣಗಳಿಗೆ. ಹೆಣ್ಣಿನ ಮೈಮೇಲಿನ ಚಿನ್ನ ಸಂಸಾರದ ಕೊನೆಯ ಬಂಡವಾಳವೆಂಬುದನ್ನು ನಮ್ಮ ನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ. ಆಮೇಲೆ ಆಕೆ ಹಡಗಿನಲ್ಲೇ ನೆಲೆಸಿದಳು. ಗಂಡಸರೇ ತುಂಬಿದ ಆ ಹಡಗಿನಲ್ಲಿ ಒಬ್ಬಳೇ ಹೆಂಗಸು. ಸಾಮಾನು ಸರಂಜಾಮು, ಕಾಯಿಲೆ ಕಸಾಲೆ, ಜಗಳ ಮುನಿಸು ಎಲ್ಲವನ್ನೂ ನಿಭಾಯಿಸುತ್ತಿದ್ದಳು. ನಾವಿಕರು ಆಕೆಯನ್ನು ಕುರಿ ಕಾಯುವವಳು ಎಂಬರ್ಥದ ಫ್ರೆಂಚ್ ಹೆಸರಿನಿಂದ ಪ್ರೀತಿಯಿಂದ ಕರೆಯುತ್ತಿದ್ದರು. ಗಂಡನಿಗಿಂತ ಹೆಚ್ಚು ದಿನ ಕ್ಯಾಲಿಪ್ಸೊದಲ್ಲಿ ಕಳೆದವಳು ಆಕೆಯೇ. ಕ್ಯಾಮೆರಾದ ಮುಂದೆ ನಿಲ್ಲಲು ಮಾತ್ರ ಒಲ್ಲೆನೆನ್ನುತ್ತಿದ್ದಳು. ನಮ್ಮ ಕಚೇರಿಯ ಕಡತವಾಗಿದ್ದರೆ ಇದನ್ನೆಲ್ಲ ‘ಇತರೆ’ ಎಂಬ ಶೀರ್ಷಿಕೆಯಡಿ ಹಾಕಿ ಮುಗಿಸುತ್ತಿದ್ದೆವು. ರಾಷ್ಟ್ರೀಯ ವರಮಾನದ ಲೆಕ್ಕವಂತೂ ಗೃಹಿಣಿಯ ದುಡಿಮೆಗೆ ಅಷ್ಟು ಜಾಗವನ್ನೂ ಕೊಡುವುದಿಲ್ಲ.

ಉಳಿದ ಖರ್ಚು ಎಲ್ಲಿಂದ ಬಂತೆಂಬುದೂ ನೋಡತಕ್ಕದ್ದೇ. 1954ರಲ್ಲಿ ಕ್ಯಾಲಿಪ್ಸೊ ಅಬುಧಾಬಿಯ ಕಡಲಲ್ಲಿ ತೈಲ ಕಂಪನಿಗಾಗಿ ಸಮುದ್ರತಳದ ಸಮೀಕ್ಷೆ ನಡೆಸಿತು. ಮುಂದೆ ಪರಿಸರದ ವಕ್ತಾರನಾದವನ ಯಾತ್ರೆಗೆ ಎಣ್ಣೆಯ ಹಣವೂ ಇಂಧನವಾಗಿತ್ತು. ಹಿಂದೂ ಮಹಾಸಾಗರ ಮತ್ತು ಕೆಂಪು ಸಮುದ್ರದಲ್ಲಿ ತರುಣ ಲೂಯಿ ಮಾಲ್ ಜೊತೆಗೂಡಿ ತೆಗೆದ ‘ಮೌನ ಜಗತ್ತು’ ಚಿತ್ರ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನೂ ಅನಂತರ ಆಸ್ಕರನ್ನೂ ಪಡೆಯಿತು. ಆ ಚಿತ್ರವನ್ನು ಇಂದು ನೋಡುವುದು ಕಷ್ಟ. ಮೀನುಗಳನ್ನು ಎಣಿಸುವ ನೆಪದಲ್ಲಿ ಹವಳದ ದಿಬ್ಬಕ್ಕೆ ಡೈನಮೈಟ್ ಇಡುತ್ತಾರೆ. ಹಡಗಿಗೇ ಸಿಕ್ಕಿ ಗಾಯಗೊಂಡ ತಿಮಿಂಗಿಲದ ಮರಿಯನ್ನು ತಿನ್ನಲು ಷಾರ್ಕ್‌ಗಳು ಬಂದಾಗ, ಸಿಬ್ಬಂದಿ ಅವುಗಳನ್ನು ಮೇಲೆಳೆದು ಕೊಡಲಿಯಿಂದ ಕೊಚ್ಚುತ್ತಾರೆ. ಮರಿಯನ್ನು ಕೊಂದದ್ದು ತಮ್ಮ ಹಡಗು. ಸೇಡು ಷಾರ್ಕ್‌ಗಳ ಮೇಲೆ. ಆ ದೃಶ್ಯವನ್ನು ಕೂಸ್ತೊ ಚಿತ್ರದಿಂದ ತೆಗೆಯಲಿಲ್ಲವೆಂಬುದು ನನ್ನ ದೃಷ್ಟಿಯಲ್ಲಿ ಆತನ ಪರವಾದ ಒಂದು ಅಂಶ.

1963ರ ಬೇಸಿಗೆಯಲ್ಲಿ ಸುಡಾನ್ ಕರಾವಳಿಯ ಶಾಬ್ ರೂಮಿ ಎಂಬ ಹವಳದ ದಿಬ್ಬದಲ್ಲಿ ಆತ ಕಡಲಡಿಯಲ್ಲಿ ಒಂದು ಊರನ್ನೇ ಕಟ್ಟಿದ. ಹತ್ತು ಮೀಟರ್ ಆಳದಲ್ಲಿ ನಕ್ಷತ್ರಮೀನಿನ ಆಕಾರದ ಮನೆ. ಅಲ್ಲಿ ಐವರು ಒಂದು ತಿಂಗಳು ವಾಸಿಸಿದರು. ಅದಕ್ಕಿಂತ ಆಳದಲ್ಲಿ ಇಬ್ಬರಿಗೆ ಒಂದು ಕೋಣೆ. ತಟ್ಟೆಯಾಕಾರದ ಪುಟ್ಟ ಜಲಾಂತರ್ನೌಕೆ ನಿಲ್ಲಿಸಲು ಗೂಡು, ಷಾರ್ಕ್‌ಗಳಿಂದ ರಕ್ಷಣೆಗೆ ಕಬ್ಬಿಣದ ಪಂಜರಗಳು, ಮನೆಯೊಳಗೆ ಒಂದು ಗಿಳಿ ಕೂಡ. ಗಾಳಿ ಕೆಟ್ಟರೆ ಮೊದಲು ಅದಕ್ಕೆ ತಿಳಿಯುತ್ತದೆಂಬ ಲೆಕ್ಕಾಚಾರ. ಇದಕ್ಕೂ ಫ್ರಾನ್ಸಿನ ತೈಲೋದ್ಯಮದ ನೆರವಿತ್ತು. ಪ್ರಯೋಗದ ಕೊನೆಯ ದಿನಗಳಲ್ಲಿ ಸಿಮೋನ್ ಇಳಿದು ಬಂದು ಆ ಮನೆಯಲ್ಲಿ ತಂಗಿದಳು. ಜುಲೈ 12ರಂದು, ಷಾರ್ಕ್‌ಗಳು ಸುಳಿದಾಡುವ ನೀರಿನ ನಡುವೆ, ದಂಪತಿ ತಮ್ಮ ಇಪ್ಪತ್ತಾರನೆಯ ವಿವಾಹ ವಾರ್ಷಿಕೋತ್ಸವವನ್ನು ಆಚರಿಸಿಕೊಂಡರು. ಕಡಲಡಿಯ ಮನೆಯಲ್ಲಿ ವಾಸಿಸಿದ ಮೊದಲ ಮಹಿಳೆಗೆ ಆಗ ನಲವತ್ತನಾಲ್ಕು ವರ್ಷ.

ಕಡಲಡಿಯ ಊರುಗಳ ಕನಸು 1965ರ ಮೂರನೆಯ ಪ್ರಯೋಗದೊಂದಿಗೆ ಮುಗಿಯಿತು. ಆತನ ಮನಸ್ಸು ಬೇರೆಡೆ ಹೊರಳುತ್ತಿತ್ತು. ಮೆಡಿಟರೇನಿಯನ್ನಿಗೆ ಅಣುತ್ಯಾಜ್ಯ ಸುರಿಯುವ ಯೋಜನೆಯನ್ನು 1960ರಲ್ಲೇ ವಿರೋಧಿಸಿದ್ದ. 1968ರಲ್ಲಿ ಆರಂಭವಾದ ಅಮೆರಿಕದ ದೂರದರ್ಶನ ಸರಣಿಯ ಮೊದಲ ಕಂತಿನ ವಸ್ತು ಷಾರ್ಕ್. ಎರಡು ವರ್ಷಗಳ ಬಳಿಕ ಕಿರಿಮಗ ಫಿಲಿಪ್‌ನೊಡನೆ ಷಾರ್ಕ್‌ಗಳ ಬಗೆಗೇ ಒಂದು ಪುಸ್ತಕ ಬರೆದ. ಕೊಡಲಿ ಎತ್ತಿದ್ದ ಹಡಗಿನಿಂದಲೇ ಆ ಪ್ರಾಣಿಯ ಬಗ್ಗೆ ವಿಸ್ಮಯ ಮೂಡಿಸುವ ಚಿತ್ರಗಳು ಬಂದವು. ಅವನ್ನು ನೋಡಿದವರಲ್ಲಿ ಹಲವರು ಅಕ್ವಾಲಂಗ್ ಕಟ್ಟಿಕೊಂಡು ಉಷ್ಣವಲಯದ ದ್ವೀಪಗಳಿಗೆ ಹೊರಟರು. ಪರಿಣಾಮ ಅಂಕಿಗಳಲ್ಲೂ ಕಾಣುತ್ತದೆ. 1993ರಲ್ಲಿ ಮಾಲ್ಡೀವ್ಸ್‌ನಲ್ಲಿ ನಡೆದ ಒಂದು ಅಂದಾಜಿನಂತೆ, ಮುಳುಗುತಾಣಗಳಲ್ಲಿ ಬದುಕಿರುವ ಒಂದು ಬೂದು ಷಾರ್ಕ್‌ನಿಂದ ಪ್ರವಾಸೋದ್ಯಮಕ್ಕೆ ವರ್ಷಕ್ಕೆ ಸುಮಾರು 3,300 ಡಾಲರ್ ವರಮಾನ. ಅದನ್ನೇ ಹಿಡಿದು ಕೊಂದರೆ ಮೀನುಗಾರನಿಗೆ ಒಂದು ಸಲ ಸಿಗುವುದು 32 ಡಾಲರ್. 2010ರಲ್ಲಿ ಆ ದೇಶ ಷಾರ್ಕ್ ಬೇಟೆಯನ್ನು ನಿಷೇಧಿಸಿತು. ಆದರೆ ಆ 3,300 ಸೇರುವುದು ಹೋಟೆಲಿನವರ ಪೆಟ್ಟಿಗೆಗೆ, ಕಳೆದುಹೋಗುವ 32 ಮೀನುಗಾರನ ಜೇಬಿನದು. ಒಟ್ಟು ಲಾಭ ಎಷ್ಟೆಂದು ಹೇಳಿ ಸುಮ್ಮನಾಗುವ ನನ್ನ ವೃತ್ತಿಬಾಂಧವರು ಈ ಮಾತನ್ನು ಮರೆಯುವುದುಂಟು.

ಕೂಸ್ತೊನ ಕೊನೆಯ ವರ್ಷಗಳು ಕಹಿಯಾದವು. 1979ರ ಜೂನ್ 28ರಂದು ಲಿಸ್ಬನ್ ಬಳಿ ಜಲವಿಮಾನ ಅಪಘಾತದಲ್ಲಿ ಫಿಲಿಪ್ ಮಡಿದ, ವಯಸ್ಸು ಮೂವತ್ತೆಂಟು. 1990ರ ಡಿಸೆಂಬರ್ 1ರಂದು ಸಿಮೋನ್ ಕ್ಯಾನ್ಸರ್‌ನಿಂದ ತೀರಿಕೊಂಡಳು. ಆಕೆಯ ಚಿತಾಭಸ್ಮವನ್ನು ಮೊನಾಕೊದ ಕಡಲಿನಲ್ಲಿ ವಿಸರ್ಜಿಸಿದರು. ಮರುವರ್ಷವೇ ಕೂಸ್ತೊ ಫ್ರಾನ್ಸೀನ್ ಟ್ರಿಪ್ಲೆ ಎಂಬಾಕೆಯನ್ನು ಮದುವೆಯಾದ. ಸಿಮೋನ್ ಬದುಕಿದ್ದಾಗಲೇ ಅವರಿಗೆ ಇಬ್ಬರು ಮಕ್ಕಳಾಗಿದ್ದರು. ಹಿರಿಮಗ ಜಾನ್ ಮಿಶೆಲ್ ಫಿಜಿ ದ್ವೀಪದಲ್ಲಿ ಪ್ರವಾಸಿಗರಿಗಾಗಿ ವಿಹಾರಧಾಮ ತೆರೆದು ಅದಕ್ಕೆ ಕೂಸ್ತೊ ಹೆಸರಿಟ್ಟಾಗ, ತಂದೆ ಆ ಹೆಸರಿಗಾಗಿ ಮಗನ ವಿರುದ್ಧ ನ್ಯಾಯಾಲಯಕ್ಕೆ ಹೋದ. ಕೊನೆಗೆ ಫಲಕದ ಮೇಲೆ ಮಗನ ಪೂರ್ಣ ಹೆಸರು ಬಂತು. ಆ ಹೆಸರಿಗೆ ಬೆಲೆ ಬರುವಂತೆ ಒಡವೆ ಮಾರಿದವಳ ಪ್ರಸ್ತಾಪ ಆ ವ್ಯಾಜ್ಯದಲ್ಲಿ ಬರುವ ಅಗತ್ಯವೇ ಇರಲಿಲ್ಲ. 1996ರ ಜನವರಿಯಲ್ಲಿ ಸಿಂಗಪುರದ ಬಂದರಿನಲ್ಲಿ ಬಾರ್ಜ್ ಒಂದು ಬಡಿದು ಕ್ಯಾಲಿಪ್ಸೊ ಮುಳುಗಿತು. 1997ರ ಜೂನ್ 25ರಂದು, ಎಂಬತ್ತೇಳನೆಯ ವಯಸ್ಸಿನಲ್ಲಿ, ಕೂಸ್ತೊ ಪ್ಯಾರಿಸಿನಲ್ಲಿ ಕೊನೆಯುಸಿರೆಳೆದ.

ಶಾಬ್ ರೂಮಿಯ ನಕ್ಷತ್ರಮೀನಿನ ಮನೆಯನ್ನು ಪ್ರಯೋಗ ಮುಗಿದ ಮೇಲೆ ಎತ್ತಿಕೊಂಡು ಹೋದರು. ಜಲಾಂತರ್ನೌಕೆಯ ಗೂಡು ಮಾತ್ರ ಅಲ್ಲೇ ಉಳಿಯಿತು, ಷಾರ್ಕ್‌ಗಳನ್ನು ದೂರವಿಡಲು ಹೂಡಿದ ಪಂಜರಗಳ ಅವಶೇಷವೂ ಉಳಿಯಿತು. ಪಂಜರದ ಸರಳುಗಳನ್ನು ಈಗ ಹವಳ ಮುಚ್ಚಿದೆ. ಅದೇ ದಿಬ್ಬದ ದಕ್ಷಿಣದ ತುದಿಗೆ ಸ್ಕೂಬಾ ಪ್ರವಾಸಿಗರು ಹೋಗುತ್ತಿದ್ದದ್ದು ಷಾರ್ಕ್‌ಗಳನ್ನು ನೋಡುವುದಕ್ಕೆಂದೇ.