ಪಿಟೀಲು ಚೌಡಯ್ಯನವರು

ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವೆಡೆಯಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ಇದೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿಯೇ ಬಂದು ಸೇರುವುದೆಂದು ಜನರ ನಂಬಿಕೆ. ಆದುದರಿಂದ ಆ ಕ್ಷೇತ್ರಕ್ಕೆ ತ್ರಿಮಕುಟವೆಂಬ ಹೆಸರೂ ಉಂಟು. 1895ರಲ್ಲಿ ಅಲ್ಲಿ ಹುಟ್ಟಿದ ಚೌಡಯ್ಯನವರು ಮುಂದೆ ಪಿಟೀಲು ಚೌಡಯ್ಯನೆಂದೇ ದಕ್ಷಿಣ ದೇಶದಲ್ಲೆಲ್ಲ ಪ್ರಸಿದ್ಧರಾದರು. ವ್ಯಕ್ತಿಯ ಹೆಸರೂ ವಾದ್ಯದ ಹೆಸರೂ ಹೀಗೆ ಬೆಸೆದುಹೋಗುವ ಭಾಗ್ಯ ಎಲ್ಲ ಕಲಾವಿದರಿಗೂ ಲಭಿಸುವುದಿಲ್ಲ.

ಬಾಲಕ ಚೌಡಯ್ಯನಿಗೆ ಶಾಲೆಯ ಪುಸ್ತಕಕ್ಕಿಂತ ಸಂಗೀತದ ಕಡೆಗೇ ಒಲವು. 1910ರಲ್ಲಿ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಮುಖ್ಯವಾಗಿ ಗಾಯಕರು. ಶಿಸ್ತಿನಲ್ಲಿ ಅತಿ ಕಠಿಣರು. ಬೆಳಗಿನ ಜಾವದ ಸಾಧನೆ ಒಂದು ದಿನವೂ ತಪ್ಪುವಂತಿರಲಿಲ್ಲ. ಸುಮಾರು ಎಂಟು ವರ್ಷಗಳ ಈ ಗುರುಕುಲವಾಸದಲ್ಲಿ ಶಿಷ್ಯನು ವಾದ್ಯವನ್ನು ಕಲಿತದ್ದು ಹಾಡುಗಾರರ ಬಾಯಿಂದ. ಚೌಡಯ್ಯನವರ ಕಮಾನು ಕೊನೆಯವರೆಗೂ ಕಂಠವನ್ನು ಹಿಂಬಾಲಿಸುತ್ತಿದ್ದುದಕ್ಕೆ ಇದೇ ಕಾರಣವಾಗಿರಬೇಕು.

ಪಿಟೀಲು ನಮ್ಮ ನಾಡಿನ ವಾದ್ಯವಲ್ಲ. ಯೂರೋಪಿಯನ್ನರಿಂದ ಬಂದ ಅದನ್ನು ಬಾಲುಸ್ವಾಮಿ ದೀಕ್ಷಿತರೇ ಮೊದಲಾದವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡರು. ನಿಂತು ನುಡಿಸುವ ವಾದ್ಯ ಕುಳಿತು ನುಡಿಸುವ ವಾದ್ಯವಾಯಿತು. ಶ್ರುತಿಯ ಕ್ರಮ ಬದಲಾಯಿತು. ಆದರೆ ತಂತಿಗಳು ಮಾತ್ರ ನಾಲ್ಕೇ ಉಳಿದವು. ಚೌಡಯ್ಯನವರ ತಾರುಣ್ಯದ ದಿನಗಳಲ್ಲಿ ಸಭೆಗಳಿಗೆ ಇನ್ನೂ ಧ್ವನಿವರ್ಧಕ ಬಂದಿರಲಿಲ್ಲ. ರಾಮೋತ್ಸವದ ಚಪ್ಪರದಲ್ಲಿ ದೊಡ್ಡ ಜನಸಂದಣಿ ಕುಳಿತಿರುವಾಗ ಗಾಯಕನ ತುಂಬು ಕಂಠ, ಮೃದಂಗದ ನಾದ ಇವುಗಳ ನಡುವೆ ಪಿಟೀಲಿನ ಸಣ್ಣ ದನಿ ಹಿಂದಿನ ಸಾಲುಗಳಿಗೆ ಮುಟ್ಟುತ್ತಲೇ ಇರಲಿಲ್ಲ. ಎಷ್ಟು ಚೆನ್ನಾಗಿ ನುಡಿಸಿದರೇನು, ಕೇಳಿಸದ ಮೇಲೆ!

ಈ ಕೊರಗಿನಿಂದಲೇ 1927ರ ಸುಮಾರಿಗೆ ಏಳು ತಂತಿಯ ಪಿಟೀಲು ರೂಪುಗೊಂಡಿತು. ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೊತೆತಂತಿಯನ್ನು ಅವರು ಸೇರಿಸಿದರು. ಜೊತೆಯ ಎರಡು ತಂತಿಗಳಿಗೂ ಸ್ವರ ಒಂದೇ, ಸ್ಥಾಯಿ ಬೇರೆ. ಕಮಾನು ಎಳೆದಾಗ ಎರಡೂ ಕೂಡಿ ನುಡಿದು ನಾದವು ತುಂಬಿಕೊಂಡು ದೂರಕ್ಕೆ ಹರಿಯುತ್ತಿತ್ತು.

ಹೇಳುವುದು ಸುಲಭ, ನುಡಿಸುವುದು ಸುಲಭವಲ್ಲ. ತಂತಿ ಹೆಚ್ಚಿದಷ್ಟೂ ವಾದ್ಯದ ಮೇಲಿನ ಒತ್ತಡ ಹೆಚ್ಚುತ್ತದೆ. ಒಂದೇ ಬೆರಳು ಎರಡು ತಂತಿಗಳನ್ನು ಸರಿಸಮನಾಗಿ ಅದುಮಬೇಕು. ಒಂದು ಎಳೆಯಷ್ಟು ಓರೆಯಾದರೂ ಅಪಸ್ವರ ಒಂದಕ್ಕೆ ಎರಡಾಗಿ ಕೇಳುತ್ತದೆ. ಗಮಕಗಳಲ್ಲಂತೂ ಬೆರಳು ಜಾರುವಾಗ ಜೋಡಿ ತಪ್ಪದಂತೆ ನೋಡಿಕೊಳ್ಳಬೇಕು. ಹೆಸರು ಬರುತ್ತಿದ್ದ ವಯಸ್ಸಿನಲ್ಲಿ, ಕೈಗೆ ಒಗ್ಗಿದ್ದ ವಾದ್ಯವನ್ನು ಬಿಟ್ಟು ಇಂಥ ಕಷ್ಟವನ್ನು ತಾವಾಗಿ ತಂದುಕೊಳ್ಳುವುದು ಸಾಹಸವೇ ಸರಿ. ಚೌಡಯ್ಯನವರು ಹಗಲಿರುಳು ಸಾಧನೆ ಮಾಡಿ ಅದನ್ನು ಪಳಗಿಸಿಕೊಂಡರು.

ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಜಿ.ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ಘನ ವಿದ್ವಾಂಸರಿಗೆ ಅವರು ಪಕ್ಕವಾದ್ಯ ನುಡಿಸಿದರು. ಚೆಂಬೈಯವರ ಕಂಠ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಸೇರಿದ ಕಚೇರಿಯೆಂದರೆ ರಸಿಕರಿಗೆ ಹಬ್ಬ. 1943ರಲ್ಲಿ ಚೌಡಯ್ಯನವರು ತಯಾರಿಸಿದ ವಾಣಿ ಎಂಬ ಕನ್ನಡ ಚಲನಚಿತ್ರದಲ್ಲಿ ಈ ಮೂವರೂ ಒಟ್ಟಿಗೆ ಕಾಣಿಸಿಕೊಂಡರು. ಚಿತ್ರರಂಗದ ವ್ಯವಹಾರ ಮಾತ್ರ ಅವರಿಗೆ ಕೈಹಿಡಿಯಲಿಲ್ಲ.

1931ರಲ್ಲಿ ಗುರುಗಳು ತೀರಿಕೊಂಡರು. ಕೃಷ್ಣಪ್ಪನವರು ಮೈಸೂರಿನಲ್ಲಿ ತಮ್ಮ ಗಳಿಕೆಯನ್ನು ಸುರಿದು ಶ್ರೀರಾಮಮಂದಿರವೊಂದನ್ನು ಕಟ್ಟಿಸಿದ್ದರು. ಅದರ ಹೊಣೆಯನ್ನು ಶಿಷ್ಯರು ತಮ್ಮ ಹೆಗಲಿಗೆ ತೆಗೆದುಕೊಂಡು, ಅಲ್ಲಿ ರಾಮೋತ್ಸವದ ಕಚೇರಿಗಳು ನಿಲ್ಲದಂತೆ ನೋಡಿಕೊಂಡರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿ ಅನೇಕರಿಗೆ ವಿದ್ಯಾದಾನ ಮಾಡಿದರು. ಸ್ವತಃ ರಚಿಸಿದ ಕೃತಿಗಳಿಗೆ ತ್ರಿಮಕುಟವೆಂಬ ಅಂಕಿತವಿಟ್ಟು ಹುಟ್ಟೂರಿನ ಋಣವನ್ನು ನೆನೆದರು.

1939ರಲ್ಲಿ ಅವರು ಮೈಸೂರಿನ ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಮ್ಮೇಳನಾಧ್ಯಕ್ಷತೆಯೂ ಸಂಗೀತ ಕಲಾನಿಧಿ ಬಿರುದೂ ಒದಗಿದವು. ಗಾಯಕರ ಮಗ್ಗುಲಲ್ಲಿ ಕುಳಿತು ನುಡಿಸುವವರಿಗೆ ಆ ಪೀಠ ಸುಲಭವಾಗಿ ಸಿಕ್ಕುವಂತಹುದಾಗಿರಲಿಲ್ಲ. 1967ರ ಜನವರಿ 19ರಂದು ಚೌಡಯ್ಯನವರು ದಿವಂಗತರಾದರು.

ಧ್ವನಿವರ್ಧಕಗಳು ಎಲ್ಲೆಡೆ ಬಂದ ಮೇಲೆ ಏಳು ತಂತಿಯ ಅಗತ್ಯ ಕಡಮೆಯಾಯಿತು. ಕೃಷ್ಣಪ್ಪನವರ ಮತ್ತೊಬ್ಬ ಶಿಷ್ಯರಾದ ಆರ್.ಆರ್. ಕೇಶವಮೂರ್ತಿಯವರು ಅದನ್ನು ನುಡಿಸುತ್ತ ಬಂದರಾದರೂ, ಬಹುತೇಕ ವಾದಕರು ನಾಲ್ಕು ತಂತಿಗಳಿಗೇ ನಿಂತರು. 1980ರಲ್ಲಿ ಬೆಂಗಳೂರಿನ ಮಲ್ಲೇಶ್ವರದ ಬಳಿ ಅವರ ಹೆಸರಿನ ಸ್ಮಾರಕ ಭವನವೊಂದು ಎದ್ದಿತು. ಕಮಾನು ಸಹಿತವಾಗಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಕಟ್ಟಡವದು. ಆ ಪಿಟೀಲು ಏಳು ತಂತಿಗಳದು.